ಗಾಳಿಗೆ ಬಿದ್ದ ಮರಗಳನ್ನು ಯಂತ್ರಗರಗಸದಿಂದ ಸುರಕ್ಷಿತವಾಗಿ ತುಂಡರಿಸುವ ವಿಧಾನ

ಹಾಸನ ಜಿಲ್ಲೆಯಲ್ಲಿ ಮುಂಗಾರಿಗೆ ಮುನ್ನ ಬೀಳುವ ಭರಣಿ, ಕೃತ್ತಿಕೆ ಮಳೆಗಳು ಸಾಮಾನ್ಯವಾಗಿ ಗುಡುಗು, ಸಿಡಿಲು, ಬಿರುಗಾಳಿಗಳೊಡನೆಯೇ ಬರುತ್ತವೆ. ಭೂಮಿಯನ್ನು ಹದಗೊಳಿಸಿ ಬಿತ್ತನೆಗೆ ದಾರಿ ಮಾಡಿಕೊಡುವ ಈ ಮಳೆಗಳೇ ಒಂದೊಂದು ಸಂಜೆ ಹೊಲದ ಬದುವಿನ ಮಾವು, ಹುಣಸೆ, ಹಲಸಿನ ಮರಗಳನ್ನು ಉರುಳಿಸಿ ಹೋಗುವುದೂ ಉಂಟು. ಚನ್ನರಾಯಪಟ್ಟಣ ತಾಲ್ಲೂಕಿನ ತೆಂಗಿನ ತೋಟಗಳಲ್ಲಿ ಫಲ ಬಿಡುವ ಮರಗಳೇ ನೆಲಕಚ್ಚುತ್ತವೆ. ಅರಕಲಗೂಡಿನ ಪಶ್ಚಿಮದ ಅರೆಮಲೆನಾಡಿನಲ್ಲಿ ಸಿಲ್ವರ್ ಓಕ್, ನೀಲಗಿರಿ ಮರಗಳು ಮುರಿದು ಬೀಳುತ್ತವೆ. ಹೊಳೆನರಸೀಪುರದ ನಾಲೆ ಬಯಲಿನಂತಹ ಕಡೆ ನೆಲ ಬಹುಕಾಲ ತೇವದಿಂದಿರುವುದರಿಂದ ಮರಗಳ ಬೇರು ಆಳಕ್ಕೆ ಇಳಿಯದೆ ಮೇಲ್ಪದರದಲ್ಲೇ ಹರಡಿರುತ್ತದೆ. ಇಂತಹ ಮರಗಳು ಮುರಿಯುವ ಬದಲು ಬೇರುಸಹಿತ ಮಗುಚಿಕೊಳ್ಳುತ್ತವೆ.

ಹಿಂದೆ ಬಿದ್ದ ಮರವನ್ನು ತುಂಡರಿಸಲು ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸ ಬಳಕೆಯಲ್ಲಿದ್ದವು. ಒಂದು ಹಲಸಿನ ಬೊಡ್ಡೆಗೆ ಎರಡು ದಿನ ಹಿಡಿಯುತ್ತಿತ್ತು. ಈಗ ಪೆಟ್ರೋಲಿನಿಂದ ನಡೆಯುವ ಯಂತ್ರಗರಗಸ, ಅಂದರೆ ಜನ 'ಚೈನ್ ಸಾ' ಅಥವಾ 'ಮರ ಕೊಯ್ಯುವ ಮಿಷನ್' ಎಂದು ಕರೆಯುವ ಉಪಕರಣ, ಹಳ್ಳಿಹಳ್ಳಿಗೂ ಬಂದಿದೆ. ಎರಡು ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಕೊಡಲಿಯ ಏಟು ತಪ್ಪಿದರೆ ಒಂದು ಗಾಯವಾದೀತು. ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುವ ಸರಪಳಿ ತೊಡೆಗೆ ತಗುಲಿದರೆ ಪ್ರಾಣಕ್ಕೇ ಸಂಚಕಾರ. ಪಂಚೆ ಎತ್ತಿಕಟ್ಟಿ, ಚಪ್ಪಲಿ ಮೆಟ್ಟಿ, ಹೆಗಲ ಮೇಲೆ ಟವಲು ಹಾಕಿಕೊಂಡು ಈ ಯಂತ್ರವನ್ನು ಹಿಡಿಯುವ ರೂಢಿ ನಮ್ಮಲ್ಲಿರುವುದರಿಂದ ಈ ವಿಷಯವನ್ನು ವಿವರವಾಗಿ ತಿಳಿಯುವುದು ಅಗತ್ಯ.

ಬಿದ್ದ ಮರವೇಕೆ ಹೆಚ್ಚು ಅಪಾಯಕಾರಿ?

ನಿಂತ ಮರವನ್ನು ಕಡಿಯುವುದೇ ಕಷ್ಟ, ಬಿದ್ದದ್ದನ್ನು ಕೊಯ್ಯುವುದು ಸುಲಭ ಎಂಬ ಭಾವನೆ ರೈತರಲ್ಲಿದೆ. ಇದು ಸರಿಯಲ್ಲ. ನಿಂತ ಮರದ ಭಾರ ಎತ್ತ ಇದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬಿದ್ದ ಮರವಾದರೋ ಎರಡು ಮೂರು ಕಡೆ ಆಧಾರ ಪಡೆದು, ಅಲ್ಲಲ್ಲಿ ಬಾಗಿ, ಬಿಗಿದ ಬಿಲ್ಲಿನಂತೆ ಮಲಗಿರುತ್ತದೆ. ಬಾಗಿದ ಕಾಂಡದ ಒಂದು ಮಗ್ಗುಲಿನ ನಾರು ಎಳೆತಕ್ಕೆ ಸಿಕ್ಕಿರುತ್ತದೆ. ಎದುರು ಮಗ್ಗುಲಿನದು ಒತ್ತಡಕ್ಕೆ ಸಿಕ್ಕಿರುತ್ತದೆ. ಎಳೆತದ ಮಗ್ಗುಲನ್ನು ಮೊದಲೇ ಆಳವಾಗಿ ಕೊಯ್ದರೆ ಕಾಂಡ ಸೀಳಿಕೊಂಡು ಸಿಡಿಯುತ್ತದೆ. ಒತ್ತಡದ ಮಗ್ಗುಲನ್ನು ಆಳವಾಗಿ ಕೊಯ್ದರೆ ಕೊಯ್ತದ ಸಂದು ಮುಚ್ಚಿಕೊಂಡು ಗರಗಸದ ಪಟ್ಟಿಯನ್ನು ಹಿಡಿದುಬಿಡುತ್ತದೆ. ಆದ್ದರಿಂದ ಯಂತ್ರವನ್ನು ಚಾಲೂ ಮಾಡುವ ಮೊದಲು ಮರದ ಸುತ್ತ ಒಂದು ಸುತ್ತು ಬಂದು, ಎಲ್ಲಿ ಆಧಾರವಿದೆ, ಎಲ್ಲಿ ತೂಗುತ್ತಿದೆ, ಕೊಯ್ದ ಮೇಲೆ ಯಾವ ತುಂಡು ಎತ್ತ ಹೋಗುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು.

ಕೆಲಸಕ್ಕೆ ಮೊದಲು ನೋಡಬೇಕಾದ ವಿಷಯಗಳು

1. ವಿದ್ಯುತ್ ತಂತಿ: ಮರ ಬಿದ್ದ ಕಡೆ ಪಂಪ್‌ಸೆಟ್ಟಿನ ಅಥವಾ ಊರಿನ ತಂತಿ ಹರಿದು ಬಿದ್ದಿರಬಹುದು. ಹಸಿ ಮರವೂ ತೇವದ ನೆಲವೂ ವಿದ್ಯುತ್ತನ್ನು ಹರಿಸುತ್ತವೆ. ಕರೆಂಟ್ ಹೋಗಿದೆ ಎಂಬ ನಂಬಿಕೆಯ ಮೇಲೆ ಯಾರೂ ಹತ್ತಿರ ಹೋಗತಕ್ಕದ್ದಲ್ಲ. ಅದು ಯಾವ ಕ್ಷಣದಲ್ಲಾದರೂ ಮರಳಿ ಬರಬಹುದು. ಹತ್ತು ಮೀಟರಿಗಿಂತ ದೂರ ನಿಂತು, ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ 1912 ಸಂಖ್ಯೆಗೆ ತಿಳಿಸಬೇಕು. ಸಿಬ್ಬಂದಿ ಬಂದು ಮಾರ್ಗವನ್ನು ಕಡಿತಗೊಳಿಸಿರುವುದಾಗಿ ಖಚಿತಪಡಿಸಿದ ಮೇಲೆಯೇ ಮರ ಮುಟ್ಟಬೇಕು.

2. ಅನುಮತಿ: ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಒಣಗಿದ, ರೋಗ ತಗುಲಿದ ಅಥವಾ ಗಾಳಿಗೆ ಬಿದ್ದ ಮರಕ್ಕೆ ಅನುಮತಿಯನ್ನು ನಿರಾಕರಿಸತಕ್ಕದ್ದಲ್ಲ ಎಂದು ಇದೇ ಕಾನೂನು ಹೇಳುತ್ತದೆ. ಆದ್ದರಿಂದ ಬಿದ್ದ ಮರದ ಒಂದೆರಡು ಛಾಯಾಚಿತ್ರ ತೆಗೆದುಕೊಂಡು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡುವುದು ಜಾಣತನ. ಶ್ರೀಗಂಧ, ಬೀಟೆ, ತೇಗ ಬಿದ್ದಲ್ಲಿ ಇಲಾಖೆಗೆ ತಿಳಿಸದೆ ಕೈ ಹಾಕಲೇಬಾರದು. ನಾಟಾ ಸಾಗಿಸುವುದಿದ್ದಲ್ಲಿ ಸಾಗಾಣಿಕೆ ರಹದಾರಿ ಬೇಕೇ ಎಂಬುದನ್ನೂ ಅಲ್ಲಿಯೇ ವಿಚಾರಿಸಬೇಕು.

3. ಮರದೊಳಗಿನ ವಸ್ತುಗಳು: ಬದುವಿನ ಮರಗಳಿಗೆ ಬೇಲಿ ತಂತಿ ಬಿಗಿಯುವುದು, ಮೊಳೆ ಹೊಡೆಯುವುದು ವಾಡಿಕೆ. ವರ್ಷಗಳು ಕಳೆದಂತೆ ಮರ ಅದನ್ನು ನುಂಗಿಕೊಳ್ಳುತ್ತದೆ. ಸರಪಳಿ ಕಬ್ಬಿಣಕ್ಕೆ ತಗುಲಿದರೆ ಹಲ್ಲು ಮುರಿಯುತ್ತದೆ, ಸರಪಳಿಯೂ ತುಂಡಾಗಬಹುದು. ತೊಗಟೆಯ ಮೇಲೆ ಕಪ್ಪು ಕಲೆ, ಗಂಟು, ತಂತಿಯ ಗುರುತು ಕಂಡಲ್ಲಿ ಒಂದಡಿ ಬಿಟ್ಟು ಕೊಯ್ಯಬೇಕು. ಪೊಟರೆಗಳಲ್ಲಿ ಹಾವು, ಕೊಂಬೆಗಳಲ್ಲಿ ಜೇನು, ಕಣಜಗಳಿವೆಯೇ ಎಂದು ಉದ್ದನೆಯ ಕೋಲಿನಿಂದ ಪರೀಕ್ಷಿಸಬೇಕು.

4. ನಿಲ್ಲುವ ಜಾಗ: ಕಾಲಿಗೆ ತೊಡಕಾಗುವ ಸೊಪ್ಪು, ಬಳ್ಳಿ, ಕಲ್ಲುಗಳನ್ನು ಮಚ್ಚಿನಿಂದ ಸವರಿ ತೆಗೆದು, ಹಿಂದೆ ಸರಿಯಲು ಒಂದು ದಾರಿಯನ್ನು ಬಿಡಿಸಿಕೊಳ್ಳಬೇಕು. ಮಳೆ ಸುರಿಯುವಾಗ, ಮಬ್ಬುಗತ್ತಲಲ್ಲಿ, ಕುಡಿದು ಅಥವಾ ದಣಿದಾಗ ಈ ಕೆಲಸ ಕೂಡದು.

ಉಡುಪು ಮತ್ತು ರಕ್ಷಣಾ ಸಾಧನಗಳು

ಯಂತ್ರಗರಗಸದ ಕೆಲಸಕ್ಕೆಂದೇ ತಯಾರಾದ ಷರಾಯಿಗಳಲ್ಲಿ ಉದ್ದನೆಯ ನಾರಿನ ಹಲವು ಪದರಗಳಿರುತ್ತವೆ. ಸರಪಳಿ ತಗುಲಿದೊಡನೆ ಈ ನಾರುಗಳು ಹೊರಬಂದು ಗಾಲಿಗೆ ಸುತ್ತಿಕೊಂಡು ಸರಪಳಿಯನ್ನು ನಿಲ್ಲಿಸುತ್ತವೆ. ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಡುವವರು ಇದಕ್ಕೆ ಹಿಂದೆಗೆಯಬಾರದು. ಇದರೊಂದಿಗೆ ಗಟ್ಟಿ ತುದಿಯ ಬೂಟು, ಶಿರಸ್ತ್ರಾಣ, ಕಣ್ಣಿಗೆ ಕನ್ನಡಕ ಅಥವಾ ಜಾಲರಿಯ ಮುಖಕವಚ ಮತ್ತು ಕೈಗವಸು ಅಗತ್ಯ. ಯಂತ್ರದ ಶಬ್ದ 100 ಡೆಸಿಬೆಲ್ ಮೀರುತ್ತದೆ. ದಿನಕ್ಕೆ 8 ಗಂಟೆ 85 ಡೆಸಿಬೆಲ್ ಶಬ್ದ ಕೇಳಿದರೇ ಕಿವಿಗೆ ಹಾನಿಯಾಗುವುದರಿಂದ ಕಿವಿ ಮುಚ್ಚುವ ಸಾಧನವಿಲ್ಲದೆ ಕೆಲಸ ಮಾಡುವವರಿಗೆ ನಿಧಾನವಾಗಿ ಕಿವುಡು ತಪ್ಪದು. ಪಂಚೆ, ಲುಂಗಿ, ಟವಲು, ಸಡಿಲ ತೋಳು, ಕತ್ತಿನ ಸರ ಇವು ಯಾವುವೂ ಇರಕೂಡದು. ಸೊಪ್ಪು ಎಳೆಯಲು ಬರುವ ಹೆಣ್ಣಾಳುಗಳು ಸೆರಗು ಬಿಗಿದು ಕಟ್ಟಿರಬೇಕು ಮತ್ತು ಯಂತ್ರ ನಿಂತ ಮೇಲೆಯೇ ಹತ್ತಿರ ಬರಬೇಕು.

ಯಂತ್ರದ ಸಿದ್ಧತೆ

ಈಗಿನ ಸರಪಳಿಯ ರಚನೆಗೆ ಒಂದು ಹುಳುವೇ ಮಾದರಿ ಎಂಬುದು ರೈತರಿಗೆ ಸ್ವಾರಸ್ಯದ ಸಂಗತಿ. ಅಮೆರಿಕದಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್ ಎಂಬುವರು ಮರ ಕೊರೆಯುವ ದುಂಬಿಯ ಮರಿಹುಳು ತನ್ನ ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರವನ್ನು ಕತ್ತರಿಸುತ್ತಾ ಸಾಗುವುದನ್ನು ಗಮನಿಸಿ, ಅದೇ ರೀತಿಯ ಹಲ್ಲುಗಳುಳ್ಳ ಸರಪಳಿಯನ್ನು 1947ರಲ್ಲಿ ಮಾರುಕಟ್ಟೆಗೆ ತಂದರು. ಎಡ, ಬಲದ ಹಲ್ಲುಗಳು ಸಮವಾಗಿ ಹರಿತವಾಗಿದ್ದರೆ ಮಾತ್ರ ಕೊಯ್ತ ನೇರವಾಗಿ ಹೋಗುತ್ತದೆ. ಆದ್ದರಿಂದ ಅರದಿಂದ ಹರಿತಗೊಳಿಸುವಾಗ ಪ್ರತಿ ಹಲ್ಲಿಗೂ ಅಷ್ಟೇ ಸಲ, ಒಂದೇ ಕೋನದಲ್ಲಿ ಉಜ್ಜಬೇಕು. ಕೊಯ್ಯುವಾಗ ಚಕ್ಕೆ ಚಕ್ಕೆಯಾಗಿ ಹೊಟ್ಟು ಬಿದ್ದರೆ ಹಲ್ಲು ಹರಿತವಿದೆ. ನುಣುಪಾದ ಪುಡಿ ಬಿದ್ದರೆ ಮೊಂಡಾಗಿದೆ. ಮೊಂಡು ಸರಪಳಿಯನ್ನು ಬಲವಾಗಿ ಅದುಮುವವರಿಗೇ ಅಪಘಾತ ಹೆಚ್ಚು.

ಸರಪಳಿ ಪಟ್ಟಿಯ ಕೆಳಗೆ ಜೋಲಬಾರದು. ಆದರೂ ಕೈಗವಸು ತೊಟ್ಟು ಎಳೆದಾಗ ಸರಾಗವಾಗಿ ಸುತ್ತಬೇಕು. ಸರಪಳಿ ಬ್ರೇಕು, ಪ್ರತಿ ದಿನ ಕೆಲಸಕ್ಕೆ ಮೊದಲು, ಹಿಡಿಯುತ್ತದೆಯೇ ಎಂದು ನೋಡಬೇಕು. ಪೆಟ್ರೋಲಿಗೆ ಎರಡು ಸ್ಟ್ರೋಕ್ ಎಂಜಿನ್ನಿನ ಎಣ್ಣೆಯನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಸರಪಳಿಗೆ ಅದರದೇ ಎಣ್ಣೆ ಹಾಕಬೇಕೇ ವಿನಾ ಟ್ರಾಕ್ಟರಿನಿಂದ ಇಳಿಸಿದ ಹಳೆಯ ಎಣ್ಣೆಯನ್ನಲ್ಲ. ಎಂಜಿನ್ ಆರಿದ ಮೇಲೆ ಇಂಧನ ತುಂಬಿ, ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಬಂದು ಚಾಲೂ ಮಾಡಬೇಕು. ಬೀಡಿ, ಸಿಗರೇಟು ಹತ್ತಿರವಿರಬಾರದು.

ಚಾಲೂ ಮಾಡುವಾಗ ಬ್ರೇಕು ಹಾಕಿ, ಯಂತ್ರವನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಯೊಳಗೆ ಬಲಗಾಲಿನ ಬೂಟು ತೂರಿಸಿ, ಎಡಗೈಯಿಂದ ಮುಂದಿನ ಹಿಡಿಯನ್ನು ಅದುಮಿ ಹಗ್ಗ ಎಳೆಯಬೇಕು. ಯಂತ್ರವನ್ನು ಗಾಳಿಯಲ್ಲಿ ತೂಗಿ ಹಗ್ಗ ಎಳೆಯುವ ಅಭ್ಯಾಸವನ್ನು ಕೂಡಲೇ ಬಿಡಬೇಕು.

ಯಂತ್ರ ಹಿಂದಕ್ಕೆ ಒದೆಯುವುದು

ಗಂಭೀರ ಅಪಘಾತಗಳಿಗೆ ಇದು ಒಂದು ಮುಖ್ಯ ಕಾರಣ. ಪಟ್ಟಿಯ ತುದಿಯ ಮೇಲರ್ಧ ಭಾಗ ಕೊಂಬೆಗೋ, ಪಕ್ಕದ ದಿಮ್ಮಿಗೋ ತಗುಲಿದಾಗ ಹಲ್ಲುಗಳು ಮರವನ್ನು ಕೊಯ್ಯಲಾರದೆ ಅದರ ಮೇಲೆ ಹತ್ತಲು ಯತ್ನಿಸುತ್ತವೆ. ಆಗ ಇಡೀ ಪಟ್ಟಿ ಕಣ್ಣು ಮಿಟುಕಿಸುವುದರೊಳಗೆ ಮೇಲಕ್ಕೆದ್ದು ಕೆಲಸಗಾರನ ಮುಖ, ಕುತ್ತಿಗೆಯ ಕಡೆಗೆ ಬರುತ್ತದೆ. ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ, ಆಗದಂತೆ ನೋಡಿಕೊಳ್ಳುವುದೊಂದೇ ಮಾರ್ಗ. ಅದಕ್ಕಾಗಿ:

ಅ) ಪಟ್ಟಿಯ ತುದಿಯಿಂದ ಎಂದೂ ಕೊಯ್ಯಬಾರದು. ತುದಿ ಎಲ್ಲಿದೆ ಎಂಬುದರ ಮೇಲೆ ಸದಾ ಗಮನವಿರಬೇಕು.
ಆ) ಎರಡೂ ಕೈಗಳಿಂದ ಹಿಡಿಯಬೇಕು. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿರಬೇಕು.
ಇ) ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯಬಾರದು. ಏಣಿ ಅಥವಾ ಮರದ ಮೇಲೆ ಹತ್ತಿ ನಿಂತು ಕೊಯ್ಯುವುದು ಸಲ್ಲದು.
ಈ) ಪಟ್ಟಿಯ ನೇರಕ್ಕೆ ನಿಲ್ಲದೆ ಸ್ವಲ್ಪ ಎಡಕ್ಕೆ ನಿಲ್ಲಬೇಕು. ಯಂತ್ರ ಎದ್ದರೂ ತಲೆ ಅದರ ದಾರಿಯಲ್ಲಿ ಇರುವುದಿಲ್ಲ.
ಉ) ಎರಡು ಹೆಜ್ಜೆಗಿಂತ ಹೆಚ್ಚು ನಡೆಯುವಾಗ ಬ್ರೇಕು ಹಾಕಿರಬೇಕು.

ಪಟ್ಟಿಯ ಕೆಳಬದಿಯಿಂದ ಕೊಯ್ಯುವಾಗ ಯಂತ್ರ ಮುಂದಕ್ಕೆ ಎಳೆಯುತ್ತದೆ, ಮೇಲ್ಬದಿಯಿಂದ ಕೊಯ್ಯುವಾಗ ನಮ್ಮತ್ತ ತಳ್ಳುತ್ತದೆ ಎಂಬುದನ್ನೂ ನೆನಪಿಡಬೇಕು.

ಕೊಂಬೆಗಳನ್ನು ಸವರುವುದು

ಬುಡದ ಕಡೆಯಿಂದ ತುದಿಯ ಕಡೆಗೆ ಕೆಲಸ ಸಾಗಬೇಕು. ಕಾಂಡದ ಒಂದು ಪಕ್ಕದಲ್ಲಿ ನಿಂತು ಎದುರು ಪಕ್ಕದ ಕೊಂಬೆಗಳನ್ನು ಕೊಯ್ದರೆ ಕಾಲಿಗೂ ಸರಪಳಿಗೂ ನಡುವೆ ಕಾಂಡವೇ ಗೋಡೆಯಾಗಿರುತ್ತದೆ. ನೆಲಕ್ಕೆ ಊರಿ ಕಾಂಡವನ್ನು ಎತ್ತಿ ಹಿಡಿದಿರುವ ಕೊಂಬೆಗಳನ್ನು ಕೊನೆಯವರೆಗೂ ಬಿಡಬೇಕು. ಅವನ್ನು ಮೊದಲೇ ತೆಗೆದರೆ ಕಾಂಡ ಹಠಾತ್ತನೆ ಉರುಳುತ್ತದೆ. ಬಿದ್ದ ಮರದಡಿ ಸಿಕ್ಕಿ ಬಾಗಿದ ಬಿದಿರು, ಎಳೆಯ ಗಿಡಗಳು ಬಿಡುಗಡೆಯಾದೊಡನೆ ಚಾಟಿಯಂತೆ ಬೀಸುತ್ತವೆ. ಅವುಗಳ ಬಾಗಿನ ಒಳಮಗ್ಗುಲಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆರೆದು ಬಿಗಿಯನ್ನು ಇಳಿಸಬೇಕು. ಇನ್ನೊಂದು ಮರಕ್ಕೆ ಒರಗಿ ನಿಂತ ಮರದ ಕೆಳಗೆ ಯಾರೂ ಹೋಗಬಾರದು. ಅದನ್ನು ಅನುಭವಸ್ಥರು ದೂರದಿಂದ ಯಂತ್ರದ ಮೂಲಕ ಎಳೆದು ಕೆಡಹಬೇಕು.

ದಿಮ್ಮಿಗಳಾಗಿ ತುಂಡರಿಸುವುದು

ಕಾಂಡ ಮಲಗಿರುವ ರೀತಿಯನ್ನು ನೋಡಿ ಕೊಯ್ಯುವ ಕ್ರಮವನ್ನು ಆರಿಸಬೇಕು.

1. ಕಾಂಡ ಪೂರ್ತಿ ನೆಲದ ಮೇಲಿದ್ದಾಗ: ಮೇಲಿನಿಂದ ಮೂರರಲ್ಲಿ ಎರಡು ಭಾಗ ಕೊಯ್ದು ನಿಲ್ಲಿಸಬೇಕು. ಹೀಗೆ ಬೇಕಾದ ಅಳತೆಗೆ ಎಲ್ಲ ಕಡೆ ಕೊಯ್ದ ಮೇಲೆ ಹಾರೆಯಿಂದ ಕಾಂಡವನ್ನು ಹೊರಳಿಸಿ ಉಳಿದದ್ದನ್ನು ಮುಗಿಸಬೇಕು. ಸರಪಳಿ ಒಂದು ಸಲ ಮಣ್ಣಿಗೆ ತಗುಲಿದರೂ ಹರಿತ ಹೋಗುತ್ತದೆ.

2. ಎರಡು ತುದಿಗಳಲ್ಲಿ ಆಧಾರವಿದ್ದು ನಡುವೆ ಟೊಳ್ಳಿದ್ದಾಗ: ಉದಾಹರಣೆಗೆ ಕಾಲುವೆಗೆ ಅಡ್ಡಲಾಗಿ ಬಿದ್ದ ಮರ. ಇಲ್ಲಿ ಮೇಲ್ಮಗ್ಗುಲು ಒತ್ತಡದಲ್ಲಿಯೂ ಕೆಳಮಗ್ಗುಲು ಎಳೆತದಲ್ಲಿಯೂ ಇರುತ್ತದೆ. ಮೊದಲು ಮೇಲಿನಿಂದ ಮೂರರಲ್ಲಿ ಒಂದು ಭಾಗ ಕೊಯ್ದು, ನಂತರ ಕೆಳಗಿನಿಂದ ಮೇಲಕ್ಕೆ ಕೊಯ್ದು ಮೊದಲಿನ ಕೊಯ್ತಕ್ಕೆ ಕೂಡಿಸಬೇಕು.

3. ಒಂದೇ ತುದಿಯಲ್ಲಿ ಆಧಾರವಿದ್ದು ಇನ್ನೊಂದು ತುದಿ ಚಾಚಿಕೊಂಡಿದ್ದಾಗ: ಇಲ್ಲಿ ಎಲ್ಲವೂ ತಿರುವುಮುರುವು. ಮೊದಲು ಕೆಳಗಿನಿಂದ ಮೂರರಲ್ಲಿ ಒಂದು ಭಾಗ, ನಂತರ ಮೇಲಿನಿಂದ ಕೊಯ್ದು ಕೂಡಿಸಬೇಕು. ಬೀಳುವ ತುಂಡಿನ ಕೆಳಗೆ ಪಾದವಿರಬಾರದು.

4. ಪಕ್ಕಕ್ಕೆ ಬಾಗಿದ್ದಾಗ: ಎರಡು ಮರಗಳ ನಡುವೆ ಸಿಕ್ಕಿ ಬಾಗಿದ ಕಾಂಡದ ಹೊರಬಾಗಿನ ಕಡೆ ನಿಂತವನ ಮೇಲೆ ಅದು ಸಿಡಿಯುತ್ತದೆ. ಒಳಬಾಗಿನ ಕಡೆ ನಿಂತು ಮೊದಲು ಆ ಮಗ್ಗುಲನ್ನು ಸ್ವಲ್ಪ ಕೊಯ್ದು, ಬಳಿಕ ಹೊರಮಗ್ಗುಲನ್ನು ನಿಧಾನವಾಗಿ ಬಿಡಿಸಬೇಕು.

5. ಇಳಿಜಾರಿನಲ್ಲಿ: ಯಾವಾಗಲೂ ಮೇಲ್ಗಡೆಯೇ ನಿಲ್ಲಬೇಕು. ಕೊಯ್ಯುವ ಮೊದಲು ಕಾಂಡದ ಕೆಳಬದಿಗೆ ಕಲ್ಲು ಅಥವಾ ಗೂಟ ಕೊಡಬೇಕು. ಕೆಳಗೆ ಜನ, ಜಾನುವಾರು, ಕೊಟ್ಟಿಗೆಗಳಿಲ್ಲವೆಂದು ನೋಡಿಕೊಳ್ಳಬೇಕು.

ಕೊಯ್ಯುವಾಗ ಕಣ್ಣು ಸಂದಿನ ಮೇಲಿರಬೇಕು. ಸಂದು ಅಗಲವಾಗುತ್ತಿದ್ದರೆ ತುಂಡು ಬೀಳುವ ಹೊತ್ತು ಬಂದಿದೆ, ವೇಗ ತಗ್ಗಿಸಬೇಕು. ಸಂದು ಕಿರಿದಾಗುತ್ತಿದ್ದರೆ ಪಟ್ಟಿಯನ್ನು ಹೊರತೆಗೆದು ಮರದ ಅಥವಾ ಪ್ಲಾಸ್ಟಿಕ್ ಬೆಣೆ ಹೊಡೆಯಬೇಕು. ಕಬ್ಬಿಣದ ಬೆಣೆ ಬೇಡ. ಪಟ್ಟಿ ಸಿಕ್ಕಿಕೊಂಡೇಬಿಟ್ಟರೆ ಎಂಜಿನ್ ನಿಲ್ಲಿಸಿ, ಬೆಣೆ ಹೊಡೆದು ಅಥವಾ ಹಾರೆಯಿಂದ ಮೀಟಿ ಬಿಡಿಸಬೇಕು. ಓಡುವ ಯಂತ್ರವನ್ನು ಜಗ್ಗಬಾರದು. ಸಹಾಯಕರು ಕನಿಷ್ಠ 5 ಮೀಟರ್ ದೂರದಲ್ಲಿರಬೇಕು. ದಿಮ್ಮಿಯನ್ನು ಕೈಯಿಂದಲೋ ಕಾಲಿನಿಂದಲೋ ಅದುಮಿ ಹಿಡಿಯಲು ಯಾರನ್ನೂ ಬಿಡಬಾರದು.

ಬೇರುಸಹಿತ ಮಗುಚಿದ ಮರ

ಇದಕ್ಕೆ ವಿಶೇಷ ಎಚ್ಚರಿಕೆ ಬೇಕು. ಬುಡದ ಹತ್ತಿರ ಕಾಂಡವನ್ನು ಕೊಯ್ದೊಡನೆ ಎದ್ದು ನಿಂತಿರುವ ಬೇರುಗಡ್ಡೆ ಮಣ್ಣಿನ ಭಾರದಿಂದ ಮತ್ತೆ ಹಳ್ಳಕ್ಕೆ ಬೀಳುತ್ತದೆ, ಇಲ್ಲವೆ ಮುಂದಕ್ಕೆ ಕವುಚುತ್ತದೆ. ಹಳ್ಳದಲ್ಲಿ ಮಕ್ಕಳು ಆಡುತ್ತಿದ್ದರೆ, ನೆರಳಿಗೆಂದು ಯಾರಾದರೂ ಕುಳಿತಿದ್ದರೆ ಅವರು ಅದರಡಿ ಸಿಕ್ಕುತ್ತಾರೆ. ಆದ್ದರಿಂದ ಮೊದಲು ಒಬ್ಬರು ಹಳ್ಳವನ್ನು ಕಣ್ಣಾರೆ ನೋಡಿ ಬರಬೇಕು. ಕೊಯ್ತ ಮುಗಿಯುವವರೆಗೆ ಅತ್ತ ಯಾರೂ ಸುಳಿಯದಂತೆ ಕಾವಲಿರಬೇಕು. ಬೇರುಗಡ್ಡೆ ಮುಂದಕ್ಕೆ ಕವುಚದಂತೆ ಒಂದೂವರೆ ಮೀಟರಿಗೆ ಕಡಿಮೆಯಿಲ್ಲದ ಬೊಡ್ಡೆಯನ್ನು ಬಿಟ್ಟು ಕೊಯ್ಯಬೇಕು. ದೊಡ್ಡ ಮರವಾದಲ್ಲಿ ಬೇರುಗಡ್ಡೆಯನ್ನು ಜೆಸಿಬಿಯಿಂದ ತಡೆದು ಹಿಡಿಸುವುದು ಕ್ಷೇಮ. ಒಂದು ಗಂಟೆಯ ಬಾಡಿಗೆ ಉಳಿಸಲು ಹೋಗಿ ಒಂದು ಜೀವ ಕಳೆಯುವುದು ಯಾವ ಲೆಕ್ಕ?

ಮರದ ಜಾತಿಗೆ ತಕ್ಕ ಕ್ರಮ

ತೆಂಗು: ಇದರ ಕಾಂಡ ಹೊರಗೆ ಬಹಳ ಗಟ್ಟಿ, ತಿರುಳು ಮೃದು. ಹೊರಪದರದಲ್ಲಿ ಸರಪಳಿ ಬೇಗ ಮೊಂಡಾಗುವುದರಿಂದ ಆಗಾಗ ಅರ ಹಾಕಬೇಕು. ಒಳಕ್ಕೆ ಹೋದೊಡನೆ ಯಂತ್ರ ಸರಕ್ಕನೆ ಇಳಿಯುತ್ತದೆ, ಭಾರ ಹಾಕಬಾರದು. ಕತ್ತರಿಸಿದ ತುಂಡುಗಳನ್ನು ತೋಟದಲ್ಲಿ ಕೊಳೆಯಲು ಬಿಟ್ಟರೆ ಅದರಲ್ಲಿ ಕುರುವಾಯಿ ದುಂಬಿ ಮರಿ ಮಾಡುತ್ತದೆ. ಹಸಿ ಕೊಯ್ತದ ವಾಸನೆಗೆ ಕೆಂಪು ಮೂತಿ ಹುಳುವೂ ಬರುತ್ತದೆ. ಬಿದ್ದ ಒಂದು ಮರ ನಿಂತ ಹತ್ತು ಮರಗಳಿಗೆ ಕೇಡಾಗದಿರಲು ದಿಮ್ಮಿಗಳನ್ನು ಬೇಗ ಸಾಗಿಸಬೇಕು ಅಥವಾ ಸೀಳಿ ಒಣಗಿಸಬೇಕು.

ನೀಲಗಿರಿ: ಬೆಳೆಯುವಾಗಲೇ ಇದರ ಕಾಂಡದಲ್ಲಿ ಒಳಬಿಗಿ ಉಂಟಾಗಿರುವುದರಿಂದ ಕೊಯ್ದೊಡನೆ ತುದಿಗಳು ಸೀಳುತ್ತವೆ. ನಾಟಾಕ್ಕೆ ಬಳಸುವುದಾದರೆ ಅಳತೆಗಿಂತ ಸ್ವಲ್ಪ ಉದ್ದವಾಗಿ ಕೊಯ್ಯಬೇಕು.

ಹಲಸು, ಹುಣಸೆ: ಹಲಸಿನ ಅಂಟು ಸರಪಳಿಗೆ ಮೆತ್ತಿಕೊಳ್ಳುತ್ತದೆ, ಕೆಲಸ ಮುಗಿದ ದಿನವೇ ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ಒರೆಸಬೇಕು. ಹುಣಸೆ ಬಹಳ ಗಟ್ಟಿ, ಅವಸರ ಸಲ್ಲದು. ಹಲಸಿನ ನೇರವಾದ ಬೊಡ್ಡೆಯನ್ನು ಸೌದೆಗೆ ಕತ್ತರಿಸುವ ಮೊದಲು ನಾಟಾ ಬೆಲೆ ವಿಚಾರಿಸುವುದು ಲಾಭಕರ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಿನ ತಂಬಾಕು ಬೆಳೆಗಾರರು ಬಿದ್ದ ಮರಗಳನ್ನು ಬ್ಯಾರನ್ನಿನ ಸೌದೆಗೆ ಬಳಸುವುದಾದಲ್ಲಿ ಒಲೆಯ ಬಾಯಿಯ ಅಳತೆ ತೆಗೆದುಕೊಂಡು ಒಂದೇ ಉದ್ದಕ್ಕೆ ಕೊಯ್ಯಬೇಕು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡಲು ಬೆಂಕಿಯ ಶಾಖ ವ್ಯರ್ಥವಾಗುತ್ತದೆ. ಮೇ ತಿಂಗಳಲ್ಲಿ ಕೊಯ್ದದ್ದನ್ನು ಸೀಳಿ, ಅಡಿಯಲ್ಲಿ ಕಲ್ಲು ಕೊಟ್ಟು, ಮೇಲೆ ಹೊದಿಕೆ ಹಾಕಿ, ಪಕ್ಕಗಳಲ್ಲಿ ಗಾಳಿಯಾಡುವಂತೆ ಒಟ್ಟಿದರೆ ಹದ ಮಾಡುವ ಕಾಲಕ್ಕೆ ಬಹುಮಟ್ಟಿಗೆ ಒಣಗಿ, ಕಡಿಮೆ ಸೌದೆಯಲ್ಲಿ ಕೆಲಸವಾಗುತ್ತದೆ.

ಅಪಘಾತವಾದಲ್ಲಿ

ಒಬ್ಬರೇ ಎಂದೂ ಕೆಲಸ ಮಾಡಬಾರದು. ಸ್ವಚ್ಛವಾದ ದಪ್ಪ ಬಟ್ಟೆ, ಅಗಲವಾದ ಪಟ್ಟಿ ಮತ್ತು ಚಾರ್ಜ್ ಇರುವ ಮೊಬೈಲು ಹತ್ತಿರವಿರಬೇಕು. ಗಾಯವಾದರೆ ಎಂಜಿನ್ ನಿಲ್ಲಿಸಿ, ಗಾಯಾಳುವನ್ನು ಮಲಗಿಸಿ, ಬಟ್ಟೆಯನ್ನು ಗಾಯದ ಮೇಲಿಟ್ಟು ಎರಡೂ ಕೈಗಳಿಂದ ಬಿಡದೆ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಅದರ ಮೇಲೆ ಇನ್ನೊಂದನ್ನು ಇಡಬೇಕು. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಗಾಯದಿಂದ ಮೇಲೆ, ಕೀಲನ್ನು ಬಿಟ್ಟು, ಅಗಲ ಪಟ್ಟಿಯಿಂದ ರಕ್ತ ನಿಲ್ಲುವವರೆಗೆ ಬಿಗಿದು, ಕಟ್ಟಿದ ಹೊತ್ತನ್ನು ಬರೆದಿಡಬೇಕು. ವೈದ್ಯರ ಬಳಿ ತಲುಪುವ ಮೊದಲು ಬಿಚ್ಚಬಾರದು. ಕಾಫಿಪುಡಿ, ಅರಿಶಿನ, ಸುಣ್ಣ ಹಾಕಬಾರದು. ಇದರಿಂದ ನಂಜಾಗುತ್ತದೆ, ವೈದ್ಯರಿಗೆ ಗಾಯ ಶುಚಿ ಮಾಡುವುದೂ ಕಷ್ಟವಾಗುತ್ತದೆ. ಬೆರಳು ತುಂಡಾಗಿದ್ದರೆ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. 108ಕ್ಕೆ ಕರೆ ಮಾಡುವಾಗ ಊರಿನ ಹೆಸರಿನೊಂದಿಗೆ ಹೊಲಕ್ಕೆ ಬರುವ ದಾರಿಯನ್ನೂ ತಿಳಿಸಿ, ಒಬ್ಬರನ್ನು ರಸ್ತೆಗೆ ಕಳುಹಿಸಬೇಕು. ಗಾಯ ಸಣ್ಣದಾದರೂ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಯಂತ್ರ ಹೊಸದಾಗಿ ಕೊಳ್ಳುವವರು ಮಾರಾಟಗಾರರಿಂದ ಹೊಲದಲ್ಲಿಯೇ ಪ್ರಾತ್ಯಕ್ಷಿಕೆ ಪಡೆದು, ಮೊದಲು ನೆಲದ ಮೇಲೆ ಸಮನಾಗಿ ಮಲಗಿದ ಸಣ್ಣ ದಿಮ್ಮಿಗಳ ಮೇಲೆ ಕೈ ಪಳಗಿಸಿಕೊಳ್ಳಬೇಕು. ಹೆಚ್ಚಿನ ಮಾಹಿತಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ ವಿಚಾರಿಸಬಹುದು. ಬಿದ್ದ ಮರ ಇನ್ನೆಲ್ಲಿಗೂ ಓಡಿಹೋಗುವುದಿಲ್ಲ. ಉಳುಮೆಗೆ ಅಡ್ಡಿಯಾಗಿದ್ದರೂ ಒಂದು ದಿನ ಕಾದು, ತಕ್ಕ ಉಡುಪು, ತಕ್ಕ ಸಲಕರಣೆ ಮತ್ತು ಜೊತೆಗೊಬ್ಬ ಸಹಾಯಕನನ್ನು ಹೊಂದಿಸಿಕೊಂಡು ಮೇಲ್ಕಂಡ ಕ್ರಮಗಳನ್ನು ಅನುಸರಿಸಿದಲ್ಲಿ, ಗಾಳಿಯಿಂದಾದ ನಷ್ಟದಲ್ಲಿ ಒಂದಷ್ಟನ್ನು ನಾಟಾ, ಸೌದೆಗಳ ರೂಪದಲ್ಲಿ ಹಿಂಪಡೆಯಬಹುದು.